ದ್ವೀಪರಾಷ್ಟ್ರದ ಕಡಲಬಲವನ್ನು ಅಳೆಯುವುದು ಹೇಗೆ: ಫಿಲಿಪ್ಪೀನ್ಸನ್ನು ಮುಂದಿಟ್ಟುಕೊಂಡು ಒಂದು ಕೈಪಿಡಿ

ಫಿಲಿಪ್ಪೀನ್ಸ್ ನೌಕಾಪಡೆಗೆ ಫ್ರಿಗೇಟ್ ಎಂಬ ಮಧ್ಯಮ ಗಾತ್ರದ ಹೊಸ ಯುದ್ಧನೌಕೆ ಸೇರಿತು, ಅದರ ಕೋಸ್ಟ್ ಗಾರ್ಡ್‌ಗೆ ಜಪಾನಿನಿಂದ ಗಸ್ತು ನೌಕೆ ಬಂತು, ಭಾರತದಿಂದ ಬ್ರಹ್ಮೋಸ್ ಕ್ಷಿಪಣಿ ಹೋಯಿತು ಎಂಬ ಸುದ್ದಿಗಳನ್ನು ನಾವು ಆಗಾಗ ಓದುತ್ತೇವೆ. ಓದಿದವರು ಸಾಮಾನ್ಯವಾಗಿ ಹಡಗುಗಳನ್ನು ಎಣಿಸತೊಡಗುತ್ತಾರೆ. ಎಣಿಸಿ, ಚೀನಾದ ಸಂಖ್ಯೆಯ ಪಕ್ಕದಲ್ಲಿಟ್ಟು, ಇದೆಲ್ಲ ವ್ಯರ್ಥ ಎಂದೋ ಭಾರಿ ಬದಲಾವಣೆ ಎಂದೋ ತೀರ್ಪು ಕೊಟ್ಟುಬಿಡುತ್ತಾರೆ. ಈ ಬರಹವು ಅಂತರರಾಷ್ಟ್ರೀಯ ವಿದ್ಯಮಾನಗಳನ್ನು ಗಂಭೀರವಾಗಿ ಓದುವ ವಿದ್ಯಾರ್ಥಿಗಳಿಗೂ ಪತ್ರಕರ್ತರಿಗೂ ಬೇರೆಯದೊಂದು ಅಳತೆಗೋಲನ್ನು ಬಳಸುವ ಕ್ರಮವನ್ನು ವಿವರಿಸುತ್ತದೆ. ಆ ಅಳತೆಗೋಲು ಒಂದು ಪ್ರಶ್ನೆಯ ರೂಪದಲ್ಲಿದೆ: ಹೆಸರಿಟ್ಟು ಹೇಳಬಹುದಾದ ಒಂದು ಜಾಗದಲ್ಲಿ ಈ ದೇಶ ಒಂದು ಹಡಗನ್ನು ಎಷ್ಟು ದಿನ ನಿಲ್ಲಿಸಬಲ್ಲದು, ಆ ಹಡಗು ಹಿಂದಿರುಗಿದ ದಿನ ಅದರ ಜಾಗಕ್ಕೆ ಯಾವುದು ಬರುತ್ತದೆ?

ನೀರಿನ ನಕ್ಷೆ ಮೊದಲು, ಹಡಗುಗಳ ಪಟ್ಟಿ ಆಮೇಲೆ

ಒಂದು ಖಾಲಿ ಭೂಪಟವನ್ನು ತೆಗೆದುಕೊಂಡು ಅದರ ಮೇಲೆ ಮೂರು ಬಣ್ಣಗಳಲ್ಲಿ ನೀರನ್ನು ಗುರುತಿಸುವುದು ಮೊದಲ ಕೆಲಸ. ಫಿಲಿಪ್ಪೀನ್ಸ್ 7,641 ದ್ವೀಪಗಳ ದೇಶ. ಹಳೆಯ ಪುಸ್ತಕಗಳಲ್ಲಿ ಕಾಣುವ 7,107 ಎಂಬ ಸಂಖ್ಯೆ 2016ರ ಮರುಎಣಿಕೆಗೆ ಮುಂಚಿನದು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ನಾಲ್ಕನೆಯ ಭಾಗವು ಇಂತಹ ದೇಶಗಳಿಗೆ ಒಂದು ವಿಶೇಷ ಹಕ್ಕನ್ನು ಕೊಡುತ್ತದೆ. ಅಂಚಿನ ದ್ವೀಪಗಳ ತುದಿಗಳನ್ನು ನೇರ ಗೆರೆಗಳಿಂದ ಜೋಡಿಸಿ, ಆ ಗೆರೆಗಳ ಒಳಗಿನ ನೀರನ್ನೆಲ್ಲ ದ್ವೀಪಸಮೂಹದ ಜಲಪ್ರದೇಶವೆಂದು ತನ್ನ ಸಾರ್ವಭೌಮತ್ವಕ್ಕೆ ಸೇರಿಸಿಕೊಳ್ಳಬಹುದು. ಅದಕ್ಕೆ ಷರತ್ತುಗಳೂ ಇವೆ. ಒಳಗೆ ಬರುವ ನೀರು ಮತ್ತು ನೆಲದ ಪ್ರಮಾಣ ಒಂದಕ್ಕೊಂದರಿಂದ ಒಂಬತ್ತಕ್ಕೊಂದರ ನಡುವೆ ಇರಬೇಕು. ಯಾವ ಗೆರೆಯೂ 100 ನಾಟಿಕಲ್ ಮೈಲಿಯನ್ನು (ಒಂದು ನಾಟಿಕಲ್ ಮೈಲಿ ಸುಮಾರು 1.85 ಕಿಲೋಮೀಟರ್) ಮೀರಬಾರದು, ಒಟ್ಟು ಗೆರೆಗಳಲ್ಲಿ ನೂರಕ್ಕೆ ಮೂರರಷ್ಟು ಮಾತ್ರ 125ರ ವರೆಗೆ ಹೋಗಬಹುದು.

ಮೊದಲ ಬಣ್ಣ ಈ ಒಳನೀರಿಗೆ. ಎರಡನೆಯದು ಗೆರೆಯಿಂದ ಹೊರಕ್ಕೆ 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರಕ್ಕೆ. ಮೂರನೆಯದು 200 ನಾಟಿಕಲ್ ಮೈಲಿಯವರೆಗಿನ ವಿಶೇಷ ಆರ್ಥಿಕ ವಲಯಕ್ಕೆ; ಇಲ್ಲಿ ಮೀನು, ತೈಲ, ಅನಿಲದ ಮೇಲೆ ಹಕ್ಕಿದೆಯೇ ಹೊರತು ಸಾರ್ವಭೌಮತ್ವವಿಲ್ಲ. ಬಣ್ಣ ಹಚ್ಚಿ ಮುಗಿಸಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಪತ್ರಿಕೆಗಳಲ್ಲಿ ದಿನವೂ ಕಾಣುವ ಹೆಸರುಗಳಾದ ಸ್ಕಾರ್ಬರೊ, ಸೆಕೆಂಡ್ ಥಾಮಸ್, ಸಬೀನಾ ಎಂಬ, ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾವೂ ತನ್ನದೆನ್ನುವ ಹವಳದ ದಿಬ್ಬಗಳೆಲ್ಲ ಆ ಗೆರೆಗಳ ಹೊರಗಿವೆ. ಫಿಲಿಪ್ಪೀನ್ಸ್ ತನ್ನ 2009ರ ಆಧಾರರೇಖೆ ಕಾಯಿದೆಯಲ್ಲಿ ಸ್ಕಾರ್ಬರೊವನ್ನೂ ಅದೇ ಸಮುದ್ರದಲ್ಲಿ ತಾನು ಹಕ್ಕು ಹೇಳುವ ಕಲಯಾನ್ ದ್ವೀಪಗುಚ್ಛವನ್ನೂ ಗೆರೆಯೊಳಗೆ ಎಳೆದುಕೊಳ್ಳಲಿಲ್ಲ. ಒಪ್ಪಂದದ ಷರತ್ತುಗಳನ್ನು ಮೀರದಿರಲೆಂದು ಅವನ್ನು ಪ್ರತ್ಯೇಕ ದ್ವೀಪಗಳ ವರ್ಗಕ್ಕೆ ಸೇರಿಸಿತು. ದೇಶದೊಳಗೆ ಇದನ್ನು ಭೂಮಿ ಬಿಟ್ಟುಕೊಟ್ಟಂತೆ ಎಂದು ವಿರೋಧಿಸಿದವರಿದ್ದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2011ರಲ್ಲಿ ಕಾಯಿದೆ ಊರ್ಜಿತವಾಯಿತು. ನನ್ನ ದೃಷ್ಟಿಯಲ್ಲಿ ಆ ನಿರ್ಧಾರವೇ, ಆ ಸಮುದ್ರದ ಮೇಲಿನ ಚೀನಾದ ವ್ಯಾಪಕ ಹಕ್ಕುಸಾಧನೆಗೆ ಕಾನೂನಿನ ಆಧಾರವಿಲ್ಲವೆಂದ 2016ರ ಜುಲೈ 12ರ ಮಧ್ಯಸ್ಥಿಕೆ ತೀರ್ಪಿಗೆ ನೆಲ ಹದಮಾಡಿತು, ಏಕೆಂದರೆ ತನ್ನ ಗೆರೆಗಳನ್ನು ಕಾನೂನಿಗೆ ತಕ್ಕಂತೆ ತಿದ್ದಿಕೊಂಡ ದೇಶಕ್ಕೆ ಎದುರಿನವರ ಗೆರೆಗಳನ್ನು ಪ್ರಶ್ನಿಸುವ ಅರ್ಹತೆ ಬರುತ್ತದೆ.

ಒಳನೀರನ್ನು ಮರೆಯಬೇಡಿ. ಹೊರಗಿನ ಜಗಳದ ಸದ್ದಿನಲ್ಲಿ ಅದು ಕೇಳಿಸುವುದಿಲ್ಲವಾದರೂ ಕೋಸ್ಟ್ ಗಾರ್ಡ್‌ನ ದಿನನಿತ್ಯದ ಕೆಲಸವೆಲ್ಲ ಅಲ್ಲಿಯೇ ಇದೆ. 1987ರ ಡಿಸೆಂಬರ್ 20ರಂದು ತಬ್ಲಾಸ್ ಜಲಸಂಧಿಯಲ್ಲಿ ಡೋನಾ ಪಾಸ್ ಎಂಬ ಪ್ರಯಾಣಿಕರ ಹಡಗು ವೆಕ್ಟರ್ ಎಂಬ ತೈಲ ಹಡಗಿಗೆ ಡಿಕ್ಕಿ ಹೊಡೆದು ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಹಡಗಿಗೆ 1,518 ಪ್ರಯಾಣಿಕರನ್ನು ಒಯ್ಯಲು ಮಾತ್ರ ಅನುಮತಿ ಇತ್ತು. ಯುದ್ಧವಿಲ್ಲದ ಕಾಲದಲ್ಲಿ ಕಡಲಿನಲ್ಲಿ ನಡೆದ ಅತಿ ದೊಡ್ಡ ದುರಂತವಿದು. 2023ರ ಫೆಬ್ರುವರಿಯಲ್ಲಿ ಪ್ರಿನ್ಸೆಸ್ ಎಂಪ್ರೆಸ್ ಎಂಬ ಟ್ಯಾಂಕರ್ ಸುಮಾರು 8 ಲಕ್ಷ ಲೀಟರ್ ತೈಲದೊಂದಿಗೆ ಮಿಂದೊರೊ ದ್ವೀಪದ ಬಳಿ ಮುಳುಗಿತು. ದ್ವೀಪರಾಷ್ಟ್ರದಲ್ಲಿ ಹಡಗೆಂದರೆ ಬಸ್ಸು, ಲಾರಿ ಎರಡೂ ಹೌದು. ಆದುದರಿಂದ ಗಸ್ತು ನೌಕೆಯೊಂದು ದಿಬ್ಬ ಕಾಯಲು ಹೋಯಿತೆಂದರೆ ಅಷ್ಟರ ಮಟ್ಟಿಗೆ ಚಂಡಮಾರುತದ ದಿನಗಳಲ್ಲಿ ಒಳಗಿನ ಜಲಮಾರ್ಗಕ್ಕೆ ಒಂದು ಹಡಗು ಕಡಿಮೆಯಾಯಿತೆಂದು ಟಿಪ್ಪಣಿ ಮಾಡಿಕೊಳ್ಳಬೇಕು.

ಬಿಳಿ ಹಡಗು, ಬೂದು ಹಡಗು

ಎರಡನೆಯ ಹಂತದಲ್ಲಿ, ಯಾವ ಹಡಗು ಯಾರ ಅಧೀನದಲ್ಲಿದೆ ಎಂಬುದನ್ನು ಬರೆದುಕೊಳ್ಳಿ. ಬಿಳಿ ಬಣ್ಣದ್ದು ಕೋಸ್ಟ್ ಗಾರ್ಡ್ ಹಡಗು, ಬೂದು ಬಣ್ಣದ್ದು ನೌಕಾಪಡೆಯ ಹಡಗು. ಫಿಲಿಪ್ಪೀನ್ಸ್ ಕೋಸ್ಟ್ ಗಾರ್ಡ್ 1967ರಲ್ಲಿ ನೌಕಾಪಡೆಯ ಒಂದು ಘಟಕವಾಗಿ ಆರಂಭವಾಯಿತು. 1998ರಲ್ಲಿ ಎರಡು ಅಧ್ಯಕ್ಷೀಯ ಆದೇಶಗಳ ಮೂಲಕ ಅದನ್ನು ನೌಕಾಪಡೆಯಿಂದ ಬೇರ್ಪಡಿಸಿ ಸಾರಿಗೆ ಇಲಾಖೆಗೆ ಸೇರಿಸಲಾಯಿತು. 2010ರ ಕೋಸ್ಟ್ ಗಾರ್ಡ್ ಕಾಯಿದೆಯು ಈ ವ್ಯವಸ್ಥೆಯನ್ನು ಗಟ್ಟಿಗೊಳಿಸಿ, ಸಂಸತ್ತು ಯುದ್ಧ ಘೋಷಿಸಿದರೆ ಮಾತ್ರ ಅದು ರಕ್ಷಣಾ ಇಲಾಖೆಗೆ ಸೇರುತ್ತದೆ ಎಂದಿತು.

ಇದು ಬರಿಯ ಆಡಳಿತದ ವಿವರವೆಂದು ದಾಟಿಹೋಗುವಂತಿಲ್ಲ. ಜಪಾನಿನ ಅಭಿವೃದ್ಧಿ ನೆರವಿನ ಸಾಲ ಸೇನೆಗೆ ಸಿಗುವುದಿಲ್ಲ. ಸಾರಿಗೆ ಇಲಾಖೆಯ ಕೆಳಗಿರುವ, ಕಾನೂನು ಪಾಲನೆಯ ಪಡೆಗೆ ಸಿಗುತ್ತದೆ. 2016ರಿಂದ 2018ರ ನಡುವೆ ಬಂದ 44 ಮೀಟರ್ ಉದ್ದದ 10 ಪರೋಲ ವರ್ಗದ ನೌಕೆಗಳೂ 2022ರಲ್ಲಿ ಬಂದ 97 ಮೀಟರಿನ ತೆರೆಸಾ ಮಗ್ಬನುವಾ ಮತ್ತು ಮೆಲ್ಚೋರಾ ಅಕೀನೊ ಎಂಬ ಎರಡು ದೊಡ್ಡ ನೌಕೆಗಳೂ ಬಂದದ್ದು ಈ ದಾರಿಯಲ್ಲಿ. ಜಪಾನ್ ಸೇನೆಗಳಿಗೇ ನೆರವು ನೀಡುವ ಪ್ರತ್ಯೇಕ ಯೋಜನೆಯನ್ನು 2023ರಲ್ಲಿ ತೆರೆದ ಮೇಲಷ್ಟೇ ಫಿಲಿಪ್ಪೀನ್ಸ್ ನೌಕಾಪಡೆಗೆ ಕರಾವಳಿ ರೇಡಾರ್‌ಗಳಿಗಾಗಿ 60 ಕೋಟಿ ಯೆನ್ ದೊರೆಯಿತು. ಹೀಗಾಗಿ ಒಂದು ನೌಕೆಯ ಸುದ್ದಿ ಬಂದಾಗ ಹಣ ಯಾವ ಇಲಾಖೆಯ ಬಾಗಿಲಿನಿಂದ ಬಂತು ಎಂದು ಕೇಳಿದರೆ ಅದರ ಉಪಯೋಗದ ಮಿತಿಯೂ ತಿಳಿಯುತ್ತದೆ.

ಬಣ್ಣದ ವ್ಯತ್ಯಾಸ ಜಗಳದ ಹೊತ್ತಿನಲ್ಲಿ ಇನ್ನೂ ತೀಕ್ಷ್ಣವಾಗುತ್ತದೆ. 2012ರ ಏಪ್ರಿಲ್‌ನಲ್ಲಿ ಸ್ಕಾರ್ಬರೊ ದಿಬ್ಬದೊಳಗೆ ಚೀನೀ ಮೀನುಗಾರರ ದೋಣಿಗಳು ಕಂಡಾಗ ಮನಿಲಾ ಕಳಿಸಿದ್ದು ನೌಕಾಪಡೆಯ ಗ್ರೆಗೋರಿಯೊ ದೆಲ್ ಪಿಲಾರ್ ಎಂಬ ಯುದ್ಧನೌಕೆಯನ್ನು. ಚೀನಾ ಎದುರಿಗೆ ತಂದು ನಿಲ್ಲಿಸಿದ್ದು ತನ್ನ ನಾಗರಿಕ ಕಣ್ಗಾವಲು ಹಡಗುಗಳನ್ನು. ಮೀನುಗಾರರ ಮೇಲೆ ಯುದ್ಧನೌಕೆ ಕಳಿಸಿದವರೆಂಬ ಮಾತು ಕೇಳಬೇಕಾಗಿ ಬಂದು, ಒಂದೆರಡು ದಿನಗಳಲ್ಲಿ ಮನಿಲಾ ಅದನ್ನು ಹಿಂದಕ್ಕೆ ಕರೆಸಿ ಕೋಸ್ಟ್ ಗಾರ್ಡ್ ಹಡಗನ್ನು ಕಳಿಸಿತು. ಆದರೆ ಕೆಲವು ತಿಂಗಳೊಳಗೆ ದಿಬ್ಬದ ಮೇಲಿನ ಹಿಡಿತ ಚೀನಾದ ಕೈಗೆ ಹೋಗಿತ್ತು. ಸರಿಯಾದ ಬಣ್ಣದ, ಸಾಕಷ್ಟು ದೊಡ್ಡದಾದ ಹಡಗು ಆ ದಿನ ಇರಲಿಲ್ಲ. (ಗ್ರೆಗೋರಿಯೊ ದೆಲ್ ಪಿಲಾರ್ ಅಮೆರಿಕದ ಕೋಸ್ಟ್ ಗಾರ್ಡ್ 1960ರ ದಶಕದಲ್ಲಿ ಕಟ್ಟಿಸಿ, 2011ರಲ್ಲಿ ಬಿಟ್ಟುಕೊಟ್ಟ ಹ್ಯಾಮಿಲ್ಟನ್ ಎಂಬ ಹಳೆಯ ನೌಕೆ. ಒಂದು ದೇಶದ ಕೋಸ್ಟ್ ಗಾರ್ಡ್ ಕಳಚಿಟ್ಟ ಅಂಗಿ ಇನ್ನೊಂದು ದೇಶದ ನೌಕಾಪಡೆಯ ಅತಿ ದೊಡ್ಡ ಯುದ್ಧನೌಕೆಯಾಗಿತ್ತು.)

ಅಂದಿನಿಂದ ಬಿಳಿ ಹಡಗು ಮುಂದೆ, ಬೂದು ಹಡಗು ದಿಗಂತದ ಆಚೆ ಎಂಬುದು ಸಾಮಾನ್ಯ ಕ್ರಮವಾಗಿದೆ. ಆದರೂ ಎದುರಾಳಿಯ ಬಿಳಿ ಬಣ್ಣವನ್ನು ನಂಬಿ ಕೂಡಬಾರದು: ಚೀನಾದ ಕೋಸ್ಟ್ ಗಾರ್ಡ್ 2018ರಿಂದ ಅದರ ಕೇಂದ್ರ ಸೇನಾ ಆಯೋಗದ ಅಧೀನದಲ್ಲಿದೆ. ಅಮೆರಿಕದ ಜೊತೆಗಿನ 1951ರ ಪರಸ್ಪರ ರಕ್ಷಣಾ ಒಪ್ಪಂದವು ಕೋಸ್ಟ್ ಗಾರ್ಡ್ ಹಡಗುಗಳಿಗೂ ಅನ್ವಯಿಸುತ್ತದೆಯೇ ಎಂಬ ಅನುಮಾನವನ್ನು 2023ರ ಮೇ ತಿಂಗಳ ಮಾರ್ಗಸೂಚಿ ತೆಗೆದುಹಾಕಿತು. ದಕ್ಷಿಣ ಚೀನಾ ಸಮುದ್ರದ ಎಲ್ಲೇ ಆಗಲಿ, ಕೋಸ್ಟ್ ಗಾರ್ಡ್ ಮೇಲಿನ ಸಶಸ್ತ್ರ ದಾಳಿಯೂ ಒಪ್ಪಂದದ ವ್ಯಾಪ್ತಿಗೆ ಬರುತ್ತದೆ. ಎದುರಿನ ಹಡಗಿನ ಮೇಲೆ ರಭಸದಿಂದ ನೀರು ಚಿಮ್ಮಿಸುವ ಜಲಫಿರಂಗಿಯ ಬಳಕೆ ಸಶಸ್ತ್ರ ದಾಳಿಯೇ ಎಂಬುದು ಬೇರೆ ಮಾತು. ಎರಡೂ ಕಡೆಯವರು ಆಡುತ್ತಿರುವ ಆಟವೆಲ್ಲ ಈ ಪ್ರಶ್ನೆಯ ಗಡಿಯಲ್ಲಿ ನಡೆಯುತ್ತದೆ.

ಹಡಗಿನ ಸಂಖ್ಯೆ ಓದಲು ಕಲಿಯಿರಿ

ಚಿತ್ರದಲ್ಲಿ ಹಡಗು ಕಂಡರೆ ಅದರ ಪಕ್ಕೆಯ ಮೇಲಿನ ಸಂಖ್ಯೆಯನ್ನು ನೋಡಿ. ಫಿಲಿಪ್ಪೀನ್ಸ್ ಕೋಸ್ಟ್ ಗಾರ್ಡ್ ನೌಕೆಗಳಲ್ಲಿ ಮೊದಲ ಎರಡು ಅಂಕಿಗಳು ಉದ್ದವನ್ನು ಮೀಟರಿನಲ್ಲಿ ಹೇಳುತ್ತವೆ, ಉಳಿದೆರಡು ಆ ವರ್ಗದಲ್ಲಿ ಅದು ಎಷ್ಟನೆಯದು ಎಂಬುದನ್ನು. 9701 ಎಂದರೆ 97 ಮೀಟರಿನ ಮೊದಲ ನೌಕೆ, ಅಂದರೆ ತೆರೆಸಾ ಮಗ್ಬನುವಾ. 4409 ಎಂದರೆ 44 ಮೀಟರಿನ ಒಂಬತ್ತನೆಯದು, ಹೆಸರು ಕಾಬ್ರಾ. 8301 ಎಂದರೆ ಫ್ರಾನ್ಸಿನಲ್ಲಿ ಕಟ್ಟಿದ ಗಾಬ್ರಿಯೇಲಾ ಸಿಲಾಂಗ್. ಹೆಸರಿನ ಮುಂದಿನ ಬಿಆರ್‌ಪಿ ಎಂಬುದು ಫಿಲಿಪ್ಪೀನ್ಸ್ ಗಣರಾಜ್ಯದ ಹಡಗು ಎಂಬ ಅರ್ಥದ ಮಾತಿನ ಸಂಕ್ಷೇಪ. ಅದನ್ನು ನೌಕಾಪಡೆ, ಕೋಸ್ಟ್ ಗಾರ್ಡ್ ಎರಡೂ ಬಳಸುವುದರಿಂದ ಹೆಸರೊಂದರಿಂದಲೇ ಪಡೆಯನ್ನು ನಿರ್ಧರಿಸಲಾಗದು.

ಸಂಖ್ಯೆ ಓದಲು ಬಂದರೆ ಸುದ್ದಿಯ ತೂಕ ಬದಲಾಗುತ್ತದೆ. 2025ರ ಜನವರಿಯಲ್ಲಿ ದೇಶದ ಅತಿ ದೊಡ್ಡ ದ್ವೀಪವಾದ ಲೂಜಾನ್‌ನ ತೀರದಾಚೆ ಚೀನಾದ 5901 ಸಂಖ್ಯೆಯ ಹಡಗನ್ನು ಹಿಂಬಾಲಿಸುತ್ತಿದ್ದ ಹಡಗುಗಳಲ್ಲಿ ಕಾಬ್ರಾ ಕೂಡ ಒಂದು. ಚೀನಾದ ಆ ಹಡಗಿನ ಉದ್ದ ಸುಮಾರು 165 ಮೀಟರ್, ಭಾರ ಸುಮಾರು 12,000 ಟನ್. 44 ಮೀಟರಿನ ನೌಕೆಯ ಉದ್ದವು ಅದರ ಮೂರನೆಯ ಒಂದಂಶವನ್ನೂ ಮುಟ್ಟುವುದಿಲ್ಲ. ಹಾಗೆಂದು ಸಣ್ಣದು ನಿಷ್ಪ್ರಯೋಜಕವೆಂದೂ ಅಲ್ಲ: 2025ರ ಆಗಸ್ಟ್ 11ರಂದು ಸ್ಕಾರ್ಬರೊ ಬಳಿ 44 ಮೀಟರಿನ ಸುಲುವಾನ್ ನೌಕೆಯನ್ನು ಬೆನ್ನಟ್ಟುತ್ತಿದ್ದ ಚೀನಾದ ಕೋಸ್ಟ್ ಗಾರ್ಡ್ ಹಡಗು, ಅದೇ ಬೆನ್ನಟ್ಟುವಿಕೆಯಲ್ಲಿದ್ದ ಚೀನಾದ್ದೇ ನೌಕಾಪಡೆಯ ಡೆಸ್ಟ್ರಾಯರ್‌ಗೆ ಡಿಕ್ಕಿ ಹೊಡೆದು ಮುಂಭಾಗವನ್ನು ನಜ್ಜುಗುಜ್ಜು ಮಾಡಿಕೊಂಡಿತು. ಚಿಕ್ಕ ನೌಕೆ ತಪ್ಪಿಸಿಕೊಳ್ಳಬಲ್ಲದು. ನಿಂತಲ್ಲೇ ನಿಂತಿರುವುದು ಅದರಿಂದಾಗದು.

ದಿನಗಳ ಲೆಕ್ಕ

ಇದು ಈ ಕೈಪಿಡಿಯ ಮುಖ್ಯ ಹಂತ. ಒಂದು ಕಾಗದ, ಪೆನ್ನು ಸಾಕು. ಮೊದಲು ಜಾಗವನ್ನು ಆರಿಸಿಕೊಳ್ಳಿ, ಸ್ಕಾರ್ಬರೊ ಎಂದಿಟ್ಟುಕೊಳ್ಳೋಣ. ಲೂಜಾನ್ ತೀರದಿಂದ ಅದು ಸುಮಾರು 120 ನಾಟಿಕಲ್ ಮೈಲಿ ದೂರದಲ್ಲಿದೆ. ಪರೋಲ ವರ್ಗದ ನೌಕೆ ಗಂಟೆಗೆ 12 ನಾಟಿಕಲ್ ಮೈಲಿಯಂತೆ, ಅಂದರೆ 12 ನಾಟ್ ವೇಗದಲ್ಲಿ, 1,500 ನಾಟಿಕಲ್ ಮೈಲಿ ಸಾಗಬಲ್ಲದು. ಹೋಗಲು 10 ಗಂಟೆ, ಬರಲು 10 ಗಂಟೆ; 240 ಮೈಲಿಯ ಇಂಧನ ಅಲ್ಲೇ ಖರ್ಚು. ಕಡಲು ಕೆಟ್ಟರೆಂದು ಮುನ್ನೂರು ಮೈಲಿಯಷ್ಟನ್ನು ಎತ್ತಿಟ್ಟರೆ ಉಳಿಯುವುದು 960 ಮೈಲಿ, ಎಂದರೆ 80 ಗಂಟೆ, ಮೂರು ದಿನಕ್ಕಿಂತ ಸ್ವಲ್ಪ ಹೆಚ್ಚು. ಎದುರಿನ ಹಡಗು ಅಡ್ಡ ಬಂದಾಗ ವೇಗ ಏರಿಸಬೇಕಾಗುತ್ತದೆ, ಆಗ ಇಂಧನ ಇನ್ನೂ ಬೇಗ ಕರಗುತ್ತದೆ. ಈಗ ಅದೇ ಲೆಕ್ಕವನ್ನು 4,000 ನಾಟಿಕಲ್ ಮೈಲಿ ಸಾಗಬಲ್ಲ 97 ಮೀಟರಿನ ನೌಕೆಗೆ ಹಾಕಿ ನೋಡಿ. ಗಂಟೆಗೆ 15 ಮೈಲಿಯೆಂದು ಹಿಡಿದು, 240 ಮೈಲಿ ದಾರಿಗೂ 760 ಮೈಲಿ ಆಪತ್ತಿಗೂ ತೆಗೆದಿಟ್ಟರೂ 200 ಗಂಟೆ, ಎಂಟು ದಿನಗಳು ಕೈಯಲ್ಲಿರುತ್ತವೆ. ಎರಡು ನೌಕೆಗಳ ಅಂತರ ಉದ್ದದಲ್ಲಿ ಎರಡು ಪಟ್ಟಿಗಿಂತ ಸ್ವಲ್ಪವೇ ಹೆಚ್ಚಿದ್ದರೂ ನಿಲ್ಲುವ ದಿನಗಳಲ್ಲಿ ಅದಕ್ಕಿಂತ ಹೆಚ್ಚು.

ಆಮೇಲೆ ಬದಲಿ ಹಡಗಿನ ಲೆಕ್ಕ. ನೌಕಾಪಡೆಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಅಂದಾಜು ಹೀಗಿದೆ: ಒಂದು ಜಾಗದಲ್ಲಿ ಸದಾ ಒಂದು ಹಡಗಿರಬೇಕಾದರೆ ಮೂರು ಹಡಗು ಬೇಕು. ಒಂದು ಕಾವಲಿನಲ್ಲಿದ್ದರೆ, ಇನ್ನೊಂದು ದಾರಿಯಲ್ಲೋ ತರಬೇತಿಯಲ್ಲೋ ಇರುತ್ತದೆ, ಮೂರನೆಯದು ರಿಪೇರಿಗಾಗಿ ಡ್ರೈಡಾಕ್‌ನಲ್ಲಿರುತ್ತದೆ. ಫಿಲಿಪ್ಪೀನ್ಸ್ ಸದಾ ಕಾಯಬೇಕಾದ ಜಾಗಗಳನ್ನು ಜಿಪುಣತನದಿಂದ ಎಣಿಸಿದರೂ ಐದು ಸಿಗುತ್ತವೆ: ಸ್ಕಾರ್ಬರೊ, ಪಲಾವನ್ ದ್ವೀಪದ ಪಶ್ಚಿಮದ ದಿಬ್ಬಗಳು, ಉತ್ತರದಲ್ಲಿ ಬತಾನೆಸ್, ದಕ್ಷಿಣದಲ್ಲಿ ಸುಲು ಸಮುದ್ರ, ಪೂರ್ವದಲ್ಲಿ ಫಿಲಿಪ್ಪೀನ್ ರೈಸ್ ಎಂಬ ಸಮುದ್ರದಡಿಯ ಪ್ರಸ್ಥಭೂಮಿ. ಅಲ್ಲಿಗೆ ಬೇಕಾದದ್ದು ದೂರ ನಿಲ್ಲಬಲ್ಲ 15 ಹಡಗು. ಕೋಸ್ಟ್ ಗಾರ್ಡ್ ಬಳಿ ಆ ಗಾತ್ರದವು 97 ಮೀಟರಿನ ಎರಡು, 83 ಮೀಟರಿನ ಒಂದು. ಇನ್ನೂ ಐದು 97 ಮೀಟರಿನ ನೌಕೆಗಳಿಗೆ 2024ರ ಮೇ ತಿಂಗಳಲ್ಲಿ ಜಪಾನ್ 6,438 ಕೋಟಿ ಯೆನ್ ಸಾಲಕ್ಕೆ ಸಹಿ ಹಾಕಿತು; ಅವೆಲ್ಲ ಬಂದರೂ ಎಂಟು, ಅಂದರೆ ಎರಡೂವರೆ ಜಾಗಗಳಿಗೆ ಸಾಕು. ಪಟ್ಟಿಯಲ್ಲಿ ನೂರಾರು ದೋಣಿಗಳಿದ್ದರೂ ಉತ್ತರ ಇಷ್ಟೇ ಬರುತ್ತದೆ.

ಕಾಗದದ ಈ ಲೆಕ್ಕ ಕಡಲಿನ ಮೇಲೆ ಹೇಗೆ ಕಾಣುತ್ತದೆ ಎಂಬುದಕ್ಕೆ ತೆರೆಸಾ ಮಗ್ಬನುವಾದ ಪ್ರಕರಣವನ್ನು ಗಮನವಿಟ್ಟು ಓದಬೇಕು. 2024ರ ಏಪ್ರಿಲ್‌ನಲ್ಲಿ ಅದು ಸಬೀನಾ ದಿಬ್ಬಕ್ಕೆ ಹೋಗಿ ಲಂಗರು ಹಾಕಿತು. ಪಲಾವನ್‌ನಿಂದ ಅಲ್ಲಿಗೆ ಸುಮಾರು 75 ನಾಟಿಕಲ್ ಮೈಲಿ, ಐದಾರು ಗಂಟೆಯ ಹಾದಿ. ಲಂಗರು ಹಾಕಿ ನಿಂತ ಹಡಗಿಗೆ ಇಂಧನ ಹೆಚ್ಚು ಬೇಕಾಗುವುದಿಲ್ಲ, ಆದರೆ ಜನರಿಗೆ ಅನ್ನ, ನೀರು, ಔಷಧ ಬೇಕು. ಆಗಸ್ಟ್ ತಿಂಗಳಿನಲ್ಲಿ ಅವನ್ನು ತರುತ್ತಿದ್ದ ಹಡಗುಗಳನ್ನು ಚೀನಾದ ಹಡಗುಗಳು ತಡೆದವು. ಆಗಸ್ಟ್ 31ರಂದು ಡಿಕ್ಕಿಯಾಗಿ ಹಡಗಿನ ಪಕ್ಕೆಗೆ ತೂತು ಬಿತ್ತು. ಕೊನೆಯ ವಾರಗಳಲ್ಲಿ ಸಿಬ್ಬಂದಿ ಗಂಜಿ ಕುಡಿದು, ಮಳೆಯ ನೀರನ್ನೂ ಏರ್‌ ಕಂಡೀಷನರ್‌ನಿಂದ ತೊಟ್ಟಿಕ್ಕಿದ ನೀರನ್ನೂ ಹಿಡಿದು ಕುಡಿದು ದಿನ ದೂಡಿದರೆಂದು ಕೋಸ್ಟ್ ಗಾರ್ಡ್ ವಕ್ತಾರರೇ ಹೇಳಿದರು. ಸೆಪ್ಟೆಂಬರ್ 15ರಂದು ಹಡಗು ಪುಯೆರ್ತೊ ಪ್ರಿನ್ಸೆಸಾ ಬಂದರಿಗೆ ಮರಳಿದಾಗ ಕೆಲವರನ್ನು ಸ್ಟ್ರೆಚರ್ ಮೇಲೆ ಇಳಿಸಬೇಕಾಯಿತು. ದೇಶದ ಅತಿ ದೊಡ್ಡ ಗಸ್ತು ನೌಕೆ, ಮನೆಯಿಂದ ಅರ್ಧ ಹಗಲಿನ ದೂರದಲ್ಲಿ, ನೀರಿಲ್ಲದೆ ಸೋತಿತು. ಅದರ ಬಂದೂಕು, ವೇಗ, ಉದ್ದ ಯಾವುದೂ ಆ ಫಲಿತಾಂಶವನ್ನು ನಿರ್ಧರಿಸಲಿಲ್ಲ. ಹೊಸ ನೌಕೆಯ ಸುದ್ದಿ ಓದಿದಾಗ ಅದು ಎಷ್ಟು ಟನ್ ಸಿಹಿನೀರು ತಯಾರಿಸಬಲ್ಲದು, ಸಣ್ಣ ದೋಣಿಗಳು ಎಷ್ಟಿವೆ, ಹೆಲಿಕಾಪ್ಟರ್ ಇಳಿಯುವ ಜಾಗ ಇದೆಯೇ ಎಂದು ಹುಡುಕುವುದನ್ನು ನಾನು ಕಲಿತದ್ದು ಈ ಪ್ರಕರಣದಿಂದಲೇ.

ಇದರ ಎದುರಿಗೆ ಇನ್ನೊಂದು ಹಡಗನ್ನಿಡಿ. 1944ರಲ್ಲಿ ಕಟ್ಟಿದ ಸಿಯೆರಾ ಮಾದ್ರೆ ಎಂಬ ಹಳೆಯ ಸಾಗಣೆ ಹಡಗನ್ನು ಫಿಲಿಪ್ಪೀನ್ಸ್ 1999ರಲ್ಲಿ ಬೇಕೆಂದೇ ಸೆಕೆಂಡ್ ಥಾಮಸ್ ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿತು. ತುಕ್ಕು ತಿಂದು ತೂತಾಗಿರುವ ಅದು ಎಲ್ಲಿಗೂ ಚಲಿಸಲಾರದು. ಆದರೂ ಅಧಿಕೃತವಾಗಿ ಅದು ಇನ್ನೂ ಸೇವೆಯಲ್ಲಿರುವ ಯುದ್ಧನೌಕೆ, ಕಾಲು ಶತಮಾನದಿಂದ ಆ ಜಾಗವನ್ನು ಹಿಡಿದು ಕೂತಿದೆ. ಅಲ್ಲಿಯೂ ಜಗಳವೆಲ್ಲ ಆಹಾರ ತಲುಪಿಸುವುದರ ಸುತ್ತಲೇ: 2024ರ ಜೂನ್ 17ರಂದು ಅಂತಹ ಒಂದು ಸಾಗಣೆಯ ವೇಳೆ ನಡೆದ ಘರ್ಷಣೆಯಲ್ಲಿ ಫಿಲಿಪ್ಪೀನ್ಸ್ ನಾವಿಕನೊಬ್ಬನ ಹೆಬ್ಬೆರಳು ತುಂಡಾಯಿತು, ಮರುತಿಂಗಳು ಎರಡೂ ದೇಶಗಳು ಸಾಗಣೆಯ ಬಗ್ಗೆ ತಾತ್ಕಾಲಿಕ ಹೊಂದಾಣಿಕೆಗೆ ಬಂದವು.

ಘೋಷಣೆ ಯಾವ ಮೆಟ್ಟಿಲಿನಲ್ಲಿದೆ?

ಖರೀದಿಯ ಸುದ್ದಿಗೆ ಹಲವು ಮೆಟ್ಟಿಲುಗಳಿವೆ: ಯೋಜನೆಯ ಪಟ್ಟಿ, ಮಂಜೂರಾತಿ, ಒಪ್ಪಂದ, ಉಕ್ಕು ಕತ್ತರಿಸುವುದು, ನೀರಿಗಿಳಿಸುವುದು, ಹಸ್ತಾಂತರ, ಸೇವೆಗೆ ಸೇರ್ಪಡೆ, ಕೊನೆಗೆ ಆಯುಧಗಳ ಅಳವಡಿಕೆ. ಪ್ರತಿಯೊಂದರಲ್ಲೂ ಪತ್ರಿಕೆಗಳು ಬಹುತೇಕ ಅದೇ ತಲೆಬರಹ ಹಾಕುತ್ತವೆ. ಒಂದೇ ಹಡಗನ್ನು ಆರು ಸಲ ಎಣಿಸಿದವರನ್ನು ನಾನು ಕಂಡಿದ್ದೇನೆ.

ಫಿಲಿಪ್ಪೀನ್ಸಿನ ಇತಿಹಾಸ ಮೊದಲ ಮೆಟ್ಟಿಲಲ್ಲೇ ಎಚ್ಚರಿಸುತ್ತದೆ. 1991ರ ಸೆಪ್ಟೆಂಬರ್ 16ರಂದು ಅದರ ಸೆನೆಟ್ ಅಮೆರಿಕದ ನೆಲೆಗಳ ಒಪ್ಪಂದವನ್ನು ತಿರಸ್ಕರಿಸಿತು. ಮರುವರ್ಷದ ನವೆಂಬರ್‌ನಲ್ಲಿ ಸುಬಿಕ್ ನೆಲೆ ಖಾಲಿಯಾಯಿತು. 1995ರ ಆರಂಭದಲ್ಲಿ ಮಿಸ್ಚೀಫ್ ದಿಬ್ಬದ ಮೇಲೆ ಚೀನಾ ಕಟ್ಟಡಗಳನ್ನು ಎಬ್ಬಿಸಿರುವುದು ಬಯಲಾದೊಡನೆ, ಅದೇ ಫೆಬ್ರುವರಿಯಲ್ಲಿ ಸೇನಾ ಆಧುನೀಕರಣ ಕಾಯಿದೆ ಬಂತು. 1997ರ ಏಷ್ಯಾ ಆರ್ಥಿಕ ಬಿಕ್ಕಟ್ಟಿನಲ್ಲಿ ಪೆಸೊ ಕುಸಿದು, ಕಾಯಿದೆ ಬಹುಪಾಲು ಕಾಗದದಲ್ಲೇ ಉಳಿಯಿತು. ಪರಿಣಾಮವಾಗಿ 1943ರಲ್ಲಿ ಕಟ್ಟಿದ ರಾಜಾ ಹುಮಬೊನ್ ಎಂಬ ಎರಡನೆಯ ಮಹಾಯುದ್ಧದ ಕಾಲದ ನೌಕೆ 2018ರ ವರೆಗೂ ಸೇವೆಯಲ್ಲಿತ್ತು. 2012ರಲ್ಲಿ ಕಾಯಿದೆಯನ್ನು ಪರಿಷ್ಕರಿಸಿ, ಹೊರೈಜನ್ ಎಂಬ ಹೆಸರಿನ ಮೂರು ಅವಧಿಗಳಾಗಿ ಹಂಚಿದ ಮೇಲೆ ಹಡಗುಗಳು ನಿಜವಾಗಿ ಬರತೊಡಗಿದವು. 2024ರ ಜನವರಿಯಲ್ಲಿ ಮೂರನೆಯ ಅವಧಿಯನ್ನು ತಿದ್ದಿ ಸುಮಾರು 2 ಲಕ್ಷ ಕೋಟಿ ಪೆಸೊಗಳ ಹತ್ತು ವರ್ಷದ ಗುರಿ ಇಟ್ಟುಕೊಳ್ಳಲಾಯಿತು. ಗುರಿ ಬೇರೆ, ಆಯಾ ವರ್ಷದ ಬಜೆಟ್ಟಿನಲ್ಲಿ ಬಿಡುಗಡೆಯಾಗುವ ಹಣ ಬೇರೆ. ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಪ್ರತ್ಯೇಕ ಅಂಕಣ ಇರಲಿ. ಜಲಾಂತರ್ಗಾಮಿಯ ವಿಚಾರ ವರ್ಷಗಟ್ಟಲೆ ಮೊದಲ ಅಂಕಣದಲ್ಲೇ ಕುಳಿತದ್ದನ್ನು ನೋಡಿದವರಿಗೆ ಇದರ ಅಗತ್ಯ ತಿಳಿಯುತ್ತದೆ.

ಕೊನೆಯ ಮೆಟ್ಟಿಲೂ ಜಾರುವಂಥದ್ದೇ. ದಕ್ಷಿಣ ಕೊರಿಯಾದ ಹ್ಯುಂಡೈ ಕಂಪನಿಗೆ 2016ರಲ್ಲಿ ಎರಡು ಫ್ರಿಗೇಟ್‌ಗಳ ಗುತ್ತಿಗೆ ಸಿಕ್ಕಿತು. ಹೊಸೆ ರಿಸಾಲ್ 2020ರ ಜುಲೈನಲ್ಲಿ, ಅಂತೋನಿಯೊ ಲೂನಾ 2021ರ ಮಾರ್ಚ್‌ನಲ್ಲಿ ಸೇವೆಗೆ ಸೇರಿದವು. ಆದರೆ ಲಂಬವಾಗಿ ಕ್ಷಿಪಣಿ ಹಾರಿಸುವ ಕೊಳವೆಗಳಿಗೆ ಅವುಗಳಲ್ಲಿ ಜಾಗ ಮಾತ್ರ ಬಿಡಲಾಗಿತ್ತು, ಕೊಳವೆಗಳು ಇರಲಿಲ್ಲ. ಅದೇ ಕಂಪನಿಯಿಂದ ಮುಂದೆ ಬಂದು 2025ರ ಮೇ 20ರಂದು ಸೇರ್ಪಡೆಯಾದ ಮಿಗೆಲ್ ಮಲ್ವಾರ್‌ನಲ್ಲಿ ಅಂತಹ 16 ಕೊಳವೆಗಳಿವೆ. ಎರಡನ್ನೂ ಫ್ರಿಗೇಟ್ ಎಂಬ ಒಂದೇ ಪದದಡಿ ಬರೆದುಕೊಂಡರೆ ದಾಖಲೆ ಕೆಟ್ಟಂತೆ. ಒಂದೇ ಕಾರ್ಖಾನೆಗೆ ಮತ್ತೆಮತ್ತೆ ಹೋಗುವುದರಲ್ಲಿ ವಿವೇಕವೂ ಇದೆ: ಅಮೆರಿಕ, ಕೊರಿಯಾ, ಜಪಾನ್, ಫ್ರಾನ್ಸ್, ಇಸ್ರೇಲ್, ಇಂಡೊನೇಷ್ಯಾ ಹೀಗೆ ಹಲವೆಡೆಯಿಂದ ನೌಕೆ ತಂದ ದೇಶಕ್ಕೆ ಬಿಡಿಭಾಗದ ಗೋದಾಮೇ ಒಂದು ತಲೆನೋವು.

ಬ್ರಹ್ಮೋಸ್ ವಿಚಾರವನ್ನು ಹಡಗುಗಳ ಸಾಲಿನಲ್ಲಿ ಸೇರಿಸಬೇಡಿ. 2022ರ ಜನವರಿ 28ರಂದು ಸುಮಾರು 37.5 ಕೋಟಿ ಡಾಲರಿಗೆ ಒಪ್ಪಂದವಾಗಿ, ಮೊದಲ ಕಂತು 2024ರ ಏಪ್ರಿಲ್ 19ರಂದು ತಲುಪಿತು. ಅದು ಮರೀನ್ ಪಡೆಯ ತೀರರಕ್ಷಣಾ ರೆಜಿಮೆಂಟಿನ ಕೈಯಲ್ಲಿರುವ, 290 ಕಿಲೋಮೀಟರ್ ವ್ಯಾಪ್ತಿಯ, ನೆಲದಿಂದ ಹಾರುವ ಆಯುಧ. ಯುದ್ಧ ಬಂದರೆ ಜಲಸಂಧಿಗಳನ್ನು ಮುಚ್ಚಲು ಅದು ಉಪಯುಕ್ತ. ಜಲಫಿರಂಗಿಯ ಜಗಳದಲ್ಲಿ ಅದನ್ನು ಯಾರೂ ಹೊರತೆಗೆಯುವುದಿಲ್ಲ.

ಕಣ್ಣು ಮತ್ತು ನೆಲೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಕರಾವಳಿ ಕಣ್ಗಾವಲಿಗಾಗಿ 2011ರ 57ನೆಯ ಅಧ್ಯಕ್ಷೀಯ ಆದೇಶದಿಂದ ಒಂದು ಮಂಡಳಿ ಸ್ಥಾಪನೆಯಾಯಿತು. 2024ರಲ್ಲಿ ಅದನ್ನು ರಾಷ್ಟ್ರೀಯ ಸಾಗರ ಮಂಡಳಿಯಾಗಿ ಬದಲಿಸಿದ ಆದೇಶದ ಸಂಖ್ಯೆಯೂ 57, ಆದ್ದರಿಂದ ಉಲ್ಲೇಖಿಸುವಾಗ ವರ್ಷವನ್ನು ತಪ್ಪದೆ ಬರೆಯಿರಿ. ಗುರುತಿನ ಸಂಕೇತ ಕಳಿಸುವ ಸಾಧನವನ್ನು ಬಂದ್ ಮಾಡಿಕೊಂಡು ಓಡಾಡುವ ಹಡಗುಗಳನ್ನು ಉಪಗ್ರಹದಿಂದ ಪತ್ತೆಹಚ್ಚುವ ವ್ಯವಸ್ಥೆಯನ್ನು ಹಂಚಿಕೊಳ್ಳಲು ಕೆನಡಾ 2023ರಲ್ಲಿ ಒಪ್ಪಿತು. ಅದೇ ವರ್ಷದಿಂದ ಕೋಸ್ಟ್ ಗಾರ್ಡ್ ಪತ್ರಕರ್ತರನ್ನು ಹಡಗಿನಲ್ಲೇ ಕರೆದೊಯ್ದು ಘಟನೆಗಳನ್ನು ಚಿತ್ರೀಕರಿಸಲು ಬಿಡುತ್ತಿದೆ. ನಮಗೆ ಈಗ ಇಷ್ಟು ವಿವರ ಸಿಗುತ್ತಿರುವುದಕ್ಕೂ ಅದೇ ಕಾರಣ. ಹಾಗಾಗಿ ಘಟನೆಗಳು ಹೆಚ್ಚಿದವೋ ವರದಿಗಳು ಹೆಚ್ಚಿದವೋ ಎಂಬುದನ್ನು ಬಿಡಿಸಿ ನೋಡುವುದು ಓದುಗರ ಹೊಣೆ. ನೆಲೆಗಳ ಪೈಕಿ ಸುಬಿಕ್ ಮೇಲೆ ಕಣ್ಣಿಡಿ: ದಿವಾಳಿಯಾದ ಹಡಗುಕಟ್ಟೆಯೊಂದರ ಒಂದು ಭಾಗವನ್ನು 2022ರಿಂದ ನೌಕಾಪಡೆ ಬಳಸುತ್ತಿದ್ದು, ದೊಡ್ಡ ಹಡಗುಗಳು ನಿಲ್ಲಲು ಬೇಕಾದ ಆಳದ ನೀರು ಅಲ್ಲಿದೆ.

ಇದೇ ಕ್ರಮವನ್ನು ಇಂಡೊನೇಷ್ಯಾಕ್ಕೆ ಅನ್ವಯಿಸಿ ನೋಡಿದರೆ ಅಳತೆಗೋಲು ಎಷ್ಟು ಬಾಗುತ್ತದೆ ಎಂಬುದು ತಿಳಿಯುತ್ತದೆ. ದ್ವೀಪಸಮೂಹದ ನೀರು ತನ್ನದೇ ಎಂದು ಅದು ಜುವಾಂಡಾ ಘೋಷಣೆಯ ಮೂಲಕ 1957ರ ಡಿಸೆಂಬರ್ 13ರಂದೇ ಸಾರಿತ್ತು. ಉತ್ತರ-ದಕ್ಷಿಣವಾಗಿ ಮೂರು ಸಮುದ್ರಮಾರ್ಗಗಳನ್ನು ವಿದೇಶಿ ಹಡಗುಗಳಿಗೆ ಗುರುತಿಸಿಕೊಟ್ಟಿದೆ. ಫಿಲಿಪ್ಪೀನ್ಸ್ ಅಂತಹ ಕಾಯಿದೆಯನ್ನು ಮಾಡಿದ್ದು 2024ರ ನವೆಂಬರ್‌ನಲ್ಲಿ. ಕಾನೂನಿನಲ್ಲಿ ಮುಂದಿರುವ ಇಂಡೊನೇಷ್ಯಾ ಬಿಳಿ ಹಡಗಿನ ವಿಷಯದಲ್ಲಿ ಚದುರಿಹೋಗಿದೆ: 2014ರಲ್ಲಿ ಬಕಮ್ಲಾ ಎಂಬ ಸಾಗರ ಭದ್ರತಾ ಸಂಸ್ಥೆಯನ್ನು ಕಟ್ಟಿದ ಮೇಲೂ ಸಾರಿಗೆ, ಮೀನುಗಾರಿಕೆ, ಸುಂಕ, ಪೊಲೀಸ್ ಇಲಾಖೆಗಳು ತಮ್ಮ ತಮ್ಮ ಗಸ್ತು ದೋಣಿಗಳನ್ನು ಬಿಟ್ಟುಕೊಟ್ಟಿಲ್ಲ. ಅಗ್ಗದ ಖರೀದಿಯ ಪಾಠವೂ ಅಲ್ಲಿದೆ. 1990ರ ದಶಕದಲ್ಲಿ ಹಳೆಯ ಪೂರ್ವ ಜರ್ಮನಿಯ 39 ಹಡಗುಗಳನ್ನು ಒಟ್ಟಿಗೆ ಕೊಂಡಾಗ ಪಟ್ಟಿ ಒಮ್ಮೆಲೇ ಉದ್ದವಾಯಿತು, ತಣ್ಣನೆಯ ಬಾಲ್ಟಿಕ್ ಸಮುದ್ರಕ್ಕೆಂದು ಕಟ್ಟಿದ ಅವನ್ನು ಭೂಮಧ್ಯರೇಖೆಯ ಸೆಖೆಗೆ ಒಗ್ಗಿಸುವ ಖರ್ಚು ಆಮೇಲೆ ಬಂತು.

ನೋಟ್‌ಬುಕ್ಕಿನಲ್ಲಿ ಪ್ರತಿ ಜಾಗಕ್ಕೆ ಒಂದು ಪುಟ ಮೀಸಲಿಡಿ, ಪ್ರತಿ ಹಡಗಿಗೆ ಬೇಡ. ಪುಟದ ಎಡಗಡೆಗೆ ಬಂದ ಹಡಗಿನ ಸಂಖ್ಯೆ ಮತ್ತು ದಿನಾಂಕ, ಬಲಗಡೆಗೆ ಹೋದ ದಿನಾಂಕ ಮತ್ತು ಕಾರಣ ಬರೆಯಿರಿ. ಎರಡು ಸಾಲುಗಳ ನಡುವೆ ಯಾವ ಹಡಗೂ ಇಲ್ಲದ ದಿನಗಳನ್ನು ಕೆಂಪು ಶಾಯಿಯಲ್ಲಿ ಎಣಿಸಿ, ವರ್ಷಕ್ಕೊಮ್ಮೆ ಕೂಡಿಸಿ. ಹೊಸ ನೌಕೆ ಸೇರಿದ ಮರುವರ್ಷ ಆ ಮೊತ್ತ ಇಳಿದಿದೆಯೇ ಎಂದು ನೋಡಿ.